ಅಳಿಯನಿಗೆ ಬೇಸರ

ನಮ್ಮ ಸಂಚಿಕೆಯ ಸಂಪಾದಕರು ವರ್ಷಕ್ಕೆ ಎರಡು ಸಲ ನನಗೆ ಫೋನ್ ಮಾಡುತ್ತಾರೆ. ಮೊದಲನೆಯದು, "ಅಕ್ಕಾ, ನಿಮ್ಮ ಅಡುಗೆಮನೆ ಅಂಕಣಕ್ಕೆ ಜಾಗ ಇಟ್ಟಿದ್ದೇವೆ" ಎಂದು ಹೇಳಲು. ಎರಡನೆಯದು, ಆ ಜಾಗ ಇನ್ನೂ ಖಾಲಿ ಇದೆ ಎಂದು ನೆನಪಿಸಲು. ಈ ವರ್ಷ ಎರಡನೆಯ ಫೋನ್ ಬಂದಾಗ, "ಈ ಸಲ ಮೊಟ್ಟೆ ಸಾರಿನ ಬಗ್ಗೆ ಬರೆಯುತ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಕಡೆಗೆ, "ಅಕ್ಕಾ, ಲೈನ್ ಸರಿಯಿಲ್ಲ ಅನ್ನಿಸುತ್ತೆ, ಇನ್ನೊಮ್ಮೆ ಹೇಳಿ" ಎಂದರು.

ಅವರದ್ದು ತಪ್ಪಿಲ್ಲ. ಪತ್ರೊಡೆ, ತಂಬುಳಿ, ಹಲಸಿನ ಹಪ್ಪಳ, ಈ ಕುವೈತ್‌ನ ಸೆಖೆಯಲ್ಲಿ ಸಂಡಿಗೆ ಒಣಗಿಸುವ ಉಪಾಯ ಎಂದೆಲ್ಲ ಇಷ್ಟು ವರ್ಷ ಬರೆದವಳು ನಾನು. ಸಾಗರದ ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಅರವತ್ತು ವರ್ಷ ತುಂಬುವವರೆಗೆ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅರವತ್ತೊಂದರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ, ಮಗಳ ಅಡುಗೆಮನೆಯಲ್ಲಿ ನಿಂತು ಆರು ಮೊಟ್ಟೆ ಬೇಯಿಸಿದೆ. ಅದು ಹೇಗಾಯಿತು ಎನ್ನುವುದೇ ಈ ಸಲದ ಅಂಕಣ. ಕೊನೆಯಲ್ಲಿ ಮಾಡುವ ವಿಧಾನವೂ ಇದೆ. ಮೊಟ್ಟೆ ತಿನ್ನದವರು ಬೇಸರ ಮಾಡಿಕೊಳ್ಳಬೇಡಿ, ನಿಮಗೂ ಇದರಲ್ಲಿ ಪಾಲಿದೆ.

ಮಗಳ ಹೆರಿಗೆ ಏಪ್ರಿಲ್‌ನಲ್ಲಿ. ಬಾಣಂತನಕ್ಕೆಂದು ಮೂರು ತಿಂಗಳು ಹೋಗಿದ್ದೆ. ನನ್ನ ಮೂರು ತಿಂಗಳು ಮುಗಿಯುವಾಗ ಕಟಕ್‌ನಿಂದ ಬೀಗಿತ್ತಿ ಬರಬೇಕು ಎಂದು ಲೆಕ್ಕ. ಆದರೆ ಅವರಿಗೆ ವೀಸಾ ಸಂದರ್ಶನದ ದಿನವೇ ಸಿಕ್ಕಿರಲಿಲ್ಲ. ಮೊಮ್ಮಗುವನ್ನು ಅವರು ನೋಡುತ್ತಿದ್ದದ್ದು ಫೋನಿನಲ್ಲಿ ಮಾತ್ರ.

ಫ್ಲಶಿಂಗ್ ಅಂದರೆ ಏಳನೇ ನಂಬರ್ ರೈಲಿನ ಕೊನೆಯ ನಿಲ್ದಾಣ. ಮೇಲೆ ಹತ್ತಿ ಮೇನ್ ಸ್ಟ್ರೀಟಿಗೆ ಬಂದರೆ ಅಂಗಡಿ ಬೋರ್ಡುಗಳೆಲ್ಲ ಚೀನೀ ಲಿಪಿಯಲ್ಲಿ. ಫುಟ್‌ಪಾತಿನಲ್ಲಿ ತರಕಾರಿ ರಾಶಿ, ಅದರಲ್ಲಿ ನಮ್ಮ ಹೊನೆಗನ್ನೆ, ಕೆಸುವುಗಳ ದೂರದ ನೆಂಟರಂಥ ಸೊಪ್ಪುಗಳು. ಹೆಸರು ಗೊತ್ತಿಲ್ಲದ ಗಡ್ಡೆಗಳನ್ನು ಎತ್ತಿ ಮೂಸಿ ನೋಡುವುದೇ ನನಗೆ ಅರ್ಧ ದಿನದ ಕೆಲಸ. ಇನ್ನಷ್ಟು ದಕ್ಷಿಣಕ್ಕೆ ನಡೆದರೆ ಬೌನ್ ಸ್ಟ್ರೀಟಿನಲ್ಲಿ ಗಣಪತಿ ದೇವಸ್ಥಾನ. 1977ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಪ್ರತಿಷ್ಠೆಯಾದದ್ದು. 2022ರಿಂದ ಅಲ್ಲಿನ ಬೀದಿಗೆ ಗಣೇಶ್ ಟೆಂಪಲ್ ಸ್ಟ್ರೀಟ್ ಎಂಬ ಹೆಸರೂ ಸೇರಿಕೊಂಡಿದೆ. ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆಗೆ ನಿಂತ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದು, ಗುರುತಿಲ್ಲದವರನ್ನು ನಿಲ್ಲಿಸಿ ಮಾತಾಡಿಸಿದ್ದೇನೆ.

ಅದೇ ಬೌನ್ ಸ್ಟ್ರೀಟಿನ ಇನ್ನೊಂದು ತುದಿಯಲ್ಲಿ, ಸುಮಾರು 1661ರಲ್ಲಿ ಕಟ್ಟಿದ ಒಂದು ಮರದ ಮನೆ ಇನ್ನೂ ನಿಂತಿದೆ. ಜಾನ್ ಬೌನ್ ಎಂಬುವನದು. ಆಗಿನ ಡಚ್ ಅಧಿಕಾರಿಗಳು ಕ್ವೇಕರ್ ಪಂಥದವರ ಪ್ರಾರ್ಥನೆಯನ್ನು ನಿಷೇಧಿಸಿದ್ದರು. ಈತ ತನ್ನ ಮನೆಯಲ್ಲೇ ಅವರಿಗೆ ಸೇರಲು ಜಾಗ ಕೊಟ್ಟ. 1662ರಲ್ಲಿ ಅವನನ್ನು ಹಿಡಿದು ಊರು ಬಿಡಿಸಿ ಕಳಿಸಿದರು. ಅವನು ಹಾಲೆಂಡಿಗೆ ಹೋಗಿ ವಾದಿಸಿ ಗೆದ್ದು ಬಂದ. ಅದಕ್ಕೂ ಮೊದಲು, 1657ರಲ್ಲಿ, ಊರಿನ ಜನರೇ ಕ್ವೇಕರರ ಪರವಾಗಿ ಮನವಿ ಬರೆದು ಸಹಿ ಹಾಕಿದ್ದರು. ಅವರಲ್ಲಿ ಒಬ್ಬರೂ ಸ್ವತಃ ಕ್ವೇಕರ್ ಆಗಿರಲಿಲ್ಲವಂತೆ. ಮಗುವಿನ ಗಾಡಿ ತಳ್ಳಿಕೊಂಡು ಆ ಮನೆಯ ಮುಂದೆ ಹೋಗುವಾಗ ಅಳಿಯ ಇದನ್ನೆಲ್ಲ ಹೇಳಿದ. ನಾನು ಹೂಂಗುಟ್ಟಿದೆ. ಮನಸ್ಸಿಗೆ ತಟ್ಟಿದ್ದು ಆಮೇಲೆ.

ಅಳಿಯನ ವಿಷಯಕ್ಕೆ ಬರುತ್ತೇನೆ. ಮದುವೆಯಾದ ಹೊಸತರಲ್ಲಿ ನಾನು ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ನಮ್ಮ ಕಡೆ ಅಳಿಯಂದಿರಿಗೆ ಬಹುವಚನವೇ. ಆದರೆ ನನ್ನ ಬಹುವಚನದಲ್ಲಿ ಗೌರವಕ್ಕಿಂತ ದೂರ ಹೆಚ್ಚಿತ್ತು, ಸುಳ್ಳು ಯಾಕೆ ಹೇಳಲಿ. ಮಗು ಹುಟ್ಟಿದ ಎಂಟನೇ ದಿನ ರಾತ್ರಿ ಎರಡು ಗಂಟೆಗೆ ಅವನು ಮಗುವಿನ ಬಟ್ಟೆ ಬದಲಿಸುತ್ತಾ ಒಡಿಯಾದಲ್ಲಿ ಏನೋ ಗುನುಗುತ್ತಿದ್ದುದನ್ನು ನೋಡಿದ ಮೇಲೆ ನನಗೇ ಗೊತ್ತಿಲ್ಲದೆ ಏಕವಚನಕ್ಕೆ ಇಳಿದೆ.

ಮೂರು ವಾರ ನಾನು ಮಾಡಿದ್ದನ್ನೇ ಉಂಡ ಹುಡುಗ. ಬಾಣಂತಿಯ ಮನೆಯ ಅಡುಗೆ ನಿಮಗೆ ಗೊತ್ತಲ್ಲ: ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಮತ್ತೆ ಮೆಣಸಿನ ಸಾರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆ ಮನೆಯಲ್ಲಿ ನಾನಿರುವಷ್ಟು ದಿನ ಮೊಟ್ಟೆ, ಮೀನು ಒಳಗೆ ಬರಬಾರದೆಂದು ಅವರಿಬ್ಬರೇ ಮಾತಾಡಿಕೊಂಡಿದ್ದರು. ನಾನು ಕೇಳಿರಲಿಲ್ಲ. ಆದರೆ ಕೇಳುವ ಅಗತ್ಯವಿಲ್ಲದ ಹಾಗೆ ನಡೆದುಕೊಂಡಿದ್ದೆ, ಅದಿನ್ನೂ ದೊಡ್ಡದು.

ಒಂದು ಮಂಗಳವಾರ ಸಂಜೆ ಅವನು ಕೆಲಸದಿಂದ ಬಂದು ಸುಮ್ಮನೆ ಕುಳಿತಿದ್ದ. ಮಗಳು ಒಳಗೆ ಬಂದು ಮೆಲ್ಲಗೆ ಅಂದಳು, "ಅಮ್ಮ, ಅವನಿಗೆ ಬೇಸರ."

"ಯಾಕೆ? ಆಫೀಸಿನಲ್ಲಿ ಏನಾದರೂ ಆಯಿತಾ?"

"ಅಯ್ಯೋ, ಹಾಗಲ್ಲ. ಬೇಸರ ತಿನ್ನಬೇಕು ಅನ್ನಿಸಿದೆಯಂತೆ."

ಬೇಸರವನ್ನು ಪಡುತ್ತಾರೆ, ಮಾಡಿಕೊಳ್ಳುತ್ತಾರೆ, ಕಳೆಯುತ್ತಾರೆ. ತಿನ್ನುವುದನ್ನು ನಾನು ಕೇಳಿರಲಿಲ್ಲ. ಮಗಳು ನಗುತ್ತಾ ಬಿಡಿಸಿ ಹೇಳಿದಳು. ಹಸಿ ಸಾಸಿವೆಯನ್ನು ಅರೆದು ಮಾಡುವ ಗೊಜ್ಜಿನಂಥ ಸಾರಿಗೆ ಒಡಿಯಾದಲ್ಲಿ 'ಬೇಸರ' ಎಂದೇ ಹೆಸರು. ಮೀನು ಹಾಕಿದರೆ ಮಾಛ ಬೇಸರ, ಮೊಟ್ಟೆ ಹಾಕಿದರೆ ಅಂಡಾ ಬೇಸರ, ತರಕಾರಿ ಹಾಕಿಯೂ ಮಾಡುತ್ತಾರೆ. ಪುರಿ ಜಗನ್ನಾಥನ ಮಹಾಪ್ರಸಾದದಲ್ಲೂ ಬೇಸರ ಇದೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಟೊಮೆಟೊ, ಆಲೂಗಡ್ಡೆ ಕೂಡ ಆ ದೇವಸ್ಥಾನದ ಅಡುಗೆಮನೆಗೆ ಹೋಗುವುದಿಲ್ಲ. ಸಾಸಿವೆ, ತೆಂಗಿನಕಾಯಿ, ತರಕಾರಿ, ಮಣ್ಣಿನ ಗಡಿಗೆ, ಅಷ್ಟೇ.

ಬೇಸರ ಎಂಬ ಹೆಸರು ಕೇಳುತ್ತಿದ್ದ ಹಾಗೆ ನನಗೆ ಮೈ ಬಿಸಿಯಾಯಿತು. ಯಾಕೆಂದರೆ ಆ ಹೆಸರನ್ನು ನಾನು ಮೊದಲು ಕೇಳಿದ್ದು ಅವತ್ತಲ್ಲ.

ಎರಡು ವರ್ಷ ಹಿಂದೆ ಮದುವೆಯ ಮೇಲೆ ಕಟಕ್‌ಗೆ ಹೋಗಿದ್ದೆವು. ನಮ್ಮ ಯಜಮಾನರು ದಾರಿಯುದ್ದಕ್ಕೂ ಇತಿಹಾಸ ಹೇಳುತ್ತಾ ಖುಷಿಯಲ್ಲಿದ್ದರು. ಪುರಿ ದೇವಸ್ಥಾನ ಕಟ್ಟಿಸಲು ಹೊರಟ ಅನಂತವರ್ಮ ಚೋಡಗಂಗನ ವಂಶದವರು ತಾವು ಕೋಲಾಹಲಪುರದಿಂದ, ಅಂದರೆ ನಮ್ಮ ಕೋಲಾರದಿಂದ ಬಂದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರಂತೆ. ನಮ್ಮ ಕೃಷ್ಣದೇವರಾಯ ಗಜಪತಿ ಪ್ರತಾಪರುದ್ರನ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿ, ಕಡೆಗೆ ಅವನ ಮಗಳನ್ನೇ ಮದುವೆಯಾದನಂತೆ. "ಆಗ ನಮ್ಮವನು ಅವರಿಗೆ ಅಳಿಯ, ಈಗ ಅವರ ಹುಡುಗ ನಮಗೆ ಅಳಿಯ, ಲೆಕ್ಕ ಚುಕ್ತಾ" ಎಂದು ಬೀಗರ ಮುಂದೆ ಹಿಂದಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು.

ನಾನು ನಗಲಿಲ್ಲ. ಮನೆಯೊಳಗೆ ಕಾಲಿಡುತ್ತಿದ್ದಂತೆ ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಹೊಡೆದಿತ್ತು. ಈ ಮನೆಯಲ್ಲಿ ಮೀನು ಬೇಯುತ್ತದೆ ಎನ್ನುವುದೊಂದೇ ತಲೆಯಲ್ಲಿ. ಊಟದ ಹೊತ್ತಿಗೆ ಬೀಗಿತ್ತಿ ನನ್ನನ್ನು ಒಳಗೆ ಕರೆದು, ಹೊಳೆಯುವ ಹೊಸ ಸ್ಟೀಲ್ ಪಾತ್ರೆ ತೋರಿಸಿ, "ದೀದಿ, ನಿಮಗೆಂದು ಬೇರೆ ಪಾತ್ರೆ ತಂದು ಮಾಡಿದ್ದೇನೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಜಗನ್ನಾಥನಿಗೆ ಇಡುವ ಹಾಗೆ ಮಾಡಿದ ಬೇಸರ" ಎಂದರು. ನಾನು, "ಹೊಟ್ಟೆ ಸರಿಯಿಲ್ಲ" ಎಂದೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಸೂಟ್‌ಕೇಸಿನಲ್ಲಿ ತಂದಿದ್ದ ಅವಲಕ್ಕಿಗೆ ಮೊಸರು ಕಲಸಿ ತಿಂದೆ. ಬಾಳೆಹಣ್ಣು ಕೊಡಲೆಂದು ಬಾಗಿಲು ತಳ್ಳಿದ ಬೀಗಿತ್ತಿ ನನ್ನ ಕೈಯಲ್ಲಿದ್ದ ಅವಲಕ್ಕಿ ಬಟ್ಟಲು ನೋಡಿದರು. ಏನೂ ಅನ್ನಲಿಲ್ಲ. ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದರು. ಆಮೇಲೆ ಎರಡು ವರ್ಷ ಹಬ್ಬಕ್ಕೊಂದು ಫೋನ್, ಆರೋಗ್ಯವೇ, ಮಳೆ ಬಂತೇ, ಅಷ್ಟರಲ್ಲೇ ಇದ್ದೆವು.

ಆ ಬೇಸರವೇ ಈಗ ಫ್ಲಶಿಂಗ್‌ಗೆ ನನ್ನನ್ನು ಹುಡುಕಿಕೊಂಡು ಬಂದಿತ್ತು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಮೇನ್ ಸ್ಟ್ರೀಟಿಗೆ ಹೋದೆ. ಇಂಡಿಯನ್ ದಿನಸಿ ಅಂಗಡಿಯಲ್ಲಿ ಸಣ್ಣ ಸಾಸಿವೆ ಸಿಕ್ಕಿತು. ಸಾಸಿವೆ ಎಣ್ಣೆಯ ಬಾಟಲಿ ಕೈಗೆತ್ತಿಕೊಂಡರೆ ಮೇಲೆ ಇಂಗ್ಲಿಷಿನಲ್ಲಿ 'ಹೊರ ಉಪಯೋಗಕ್ಕೆ ಮಾತ್ರ' ಎಂದು ಬರೆದಿದೆ! ಮೈಗೆ ತಿಕ್ಕುವ ಎಣ್ಣೆಯೇನೋ ಎಂದು ವಾಪಸ್ ಇಟ್ಟೆ. ಪಕ್ಕದಲ್ಲಿದ್ದ ಬಂಗಾಳಿ ಹೆಂಗಸು ಅದೇ ಬಾಟಲಿ ಎರಡು ತೆಗೆದುಕೊಂಡು, ಜೊತೆಗೆ ಬದನೆಕಾಯಿಯನ್ನೂ ಬುಟ್ಟಿಗೆ ಹಾಕಿಕೊಂಡು ಹೊರಟರು. ಬದನೆಕಾಯಿಗೆ ಮಾಲೀಶು ಮಾಡುವುದಿಲ್ಲವಷ್ಟೆ. ವಿಷಯ ಏನೆಂದರೆ, ಸಾಸಿವೆ ಎಣ್ಣೆಯಲ್ಲಿ ಎರೂಸಿಕ್ ಆಮ್ಲ ಎಂಬುದು ಹೆಚ್ಚು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದರಿಂದ ಹೃದಯಕ್ಕೆ ತೊಂದರೆ ಕಂಡಿತೆಂದು ಅಮೆರಿಕದ ಆಹಾರ ಇಲಾಖೆ ಅದನ್ನು ಅಡುಗೆ ಎಣ್ಣೆಯೆಂದು ಮಾರಲು ಬಿಡುವುದಿಲ್ಲ. ಒಡಿಶಾ, ಬಂಗಾಳ, ಬಿಹಾರದವರು ತಲೆಮಾರುಗಳಿಂದ ಅದನ್ನೇ ಉಂಡುಕೊಂಡು ಬಂದಿದ್ದಾರೆ. ನಾನು ಇದರಲ್ಲಿ ತೀರ್ಪು ಕೊಡುವವಳಲ್ಲ. ಅವತ್ತು ಬಾಟಲಿಯ ಮಾತಿಗೆ ಬೆಲೆ ಕೊಟ್ಟು, ಕಡಲೆಕಾಯಿ ಎಣ್ಣೆ ಸಾಕು ಎಂದುಕೊಂಡೆ.

ಮೊಟ್ಟೆಯ ಡಬ್ಬಿ ಮಾತ್ರ ಚೀನೀ ಅಂಗಡಿಯಲ್ಲಿ ತೆಗೆದುಕೊಂಡೆ. ಯಾಕೆ ಗೊತ್ತೇ? ಇಂಡಿಯನ್ ಅಂಗಡಿಯಲ್ಲಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಮಾತಾಡಿಸಿದ ಕನ್ನಡದವರು ಸಿಕ್ಕಿಬಿಟ್ಟರೆ ಎಂಬ ಹೆದರಿಕೆ. ಕೊಳ್ಳುತ್ತಿದ್ದದ್ದು ಮೊಟ್ಟೆ, ಕಳ್ಳತನವಲ್ಲ. ಆದರೂ ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು ಮನೆಗೆ ಬಂದೆ.

ಅವತ್ತಿನ ಅಡುಗೆ ಕೆಟ್ಟಿತು. ಪೂರ್ತಿ ಕೆಟ್ಟಿತು. ಸಾಸಿವೆಯನ್ನು ಮಗಳ ಮಿಕ್ಸಿಗೆ ಹಾಕಿ, ಇಡ್ಲಿ ಹಿಟ್ಟಿನ ಹಾಗೆ ನುಣ್ಣಗಾಗಲಿ ಎಂದು ಐದು ನಿಮಿಷ ತಿರುಗಿಸಿದೆ. ಜಾರು ಬಿಸಿಯಾಗಿ ಒಳಗಿನ ಮುದ್ದೆ ಬೆಚ್ಚಗಾಗಿತ್ತು. ಅದನ್ನು ಒಲೆಯ ಮೇಲಿಟ್ಟು ಹುಳಿ ಕುದಿಸಿದ ಹಾಗೆ ಕಾಲು ಗಂಟೆ ಕೊತಕೊತ ಕುದಿಸಿದೆ. ರಾತ್ರಿ ಅಳಿಯನ ಮುಂದಿಟ್ಟರೆ ಅವನಿಗೆ ಕಣ್ಣಲ್ಲಿ ನೀರೇ ಬಂತು, "ಅಮ್ಮಾ, ನೀವು ಮೊಟ್ಟೆ ಮಾಡಿದಿರಾ" ಎಂದು. ಒಂದು ತುತ್ತು ತಿಂದ. ಎರಡನೆಯದನ್ನು ನಿಧಾನವಾಗಿ ತಿಂದ. ಮಗಳು ಚಮಚದ ತುದಿಯಲ್ಲಿ ರುಚಿ ನೋಡಿ, "ಅಮ್ಮ, ಇದು ಹಾಗಲಕಾಯಿ ಕಷಾಯ" ಎಂದಳು. ಅವನು ಅಷ್ಟನ್ನೂ ತಿಂದು ಮುಗಿಸಿದ. ನನಗೆ ಅದಕ್ಕಿಂತ ಅವನು ತಟ್ಟೆ ತಳ್ಳಿದ್ದರೆ ಹಗುರವಾಗುತ್ತಿತ್ತು.

ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಹೊಳೆಯಿತು. ಹಸಿ ಸಾಸಿವೆ ಅರೆಯುವುದು ನನಗೆ ಹೊಸತೇ? ಕಾಟು ಮಾವಿನಹಣ್ಣಿನ ಸಾಸಿವೆ ಮಾಡುವುದು ನಾನು ಎಂಟು ವರ್ಷದವಳಿದ್ದಾಗಲೇ ನೋಡಿದವಳಲ್ಲವೇ? ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ: ಮಲೆನಾಡು, ಕರಾವಳಿಗಳಲ್ಲಿ 'ಸಾಸಿವೆ' ಅಂದರೆ ಒಗ್ಗರಣೆಯ ಕಾಳು ಮಾತ್ರವಲ್ಲ, ಒಂದು ಪದಾರ್ಥದ ಹೆಸರೂ ಹೌದು, ಕೆಲವು ಕಡೆ 'ಸಾಸ್ಮೆ' ಎನ್ನುತ್ತಾರೆ. ಹಣ್ಣನ್ನೋ ತರಕಾರಿಯನ್ನೋ ತೆಂಗಿನಕಾಯಿ, ಹಸಿ ಸಾಸಿವೆ ಅರೆದ ಮಸಾಲೆಗೆ ಹಾಕಿ, ಬೆಲ್ಲ, ಉಪ್ಪು ಸೇರಿಸಿ ಕಲಸುವುದು. ಅಜ್ಜಿ ರುಬ್ಬುವ ಕಲ್ಲಿನ ಮುಂದೆ ಕೂತು ಕಾಯಿ, ಮೆಣಸು ನುಣ್ಣಗಾದ ಮೇಲೆ ಕಡೆಯಲ್ಲಿ ಸಾಸಿವೆ ಹಾಕಿ, ಮೂರೋ ನಾಲ್ಕೋ ಸುತ್ತು ತಿರುಗಿಸಿ ನಿಲ್ಲಿಸಿಬಿಡುತ್ತಿದ್ದರು. "ಸಾಸಿವೆಗೆ ಸಿಟ್ಟು ಬರಿಸಬಾರದು" ಎನ್ನುತ್ತಿದ್ದರು. ಒಲೆಯ ಹತ್ತಿರಕ್ಕೂ ಅದನ್ನು ಒಯ್ಯುತ್ತಿರಲಿಲ್ಲ. ಇದನ್ನೆಲ್ಲ ಬಲ್ಲ ನಾನು, ಬೇರೆಯವರ ಮನೆಯ ಅಡುಗೆ ಎಂದ ಕೂಡಲೇ ನನ್ನ ಮನೆಯ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ.

ಅಜ್ಜಿಯ ಮಾತಿಗೆ ಕಾರಣವೂ ಇದೆ, ರಸಾಯನಶಾಸ್ತ್ರ ಓದಿದ ಮಗಳು ಹೇಳಿದ್ದು. ಇಡಿಯ ಸಾಸಿವೆ ಕಾಳನ್ನು ಮೂಸಿದರೆ ಘಾಟಿಲ್ಲ. ಒಳಗೆ ಸಿನಿಗ್ರಿನ್ ಎಂಬ ವಸ್ತು ಒಂದು ಕೋಣೆಯಲ್ಲಿ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಕಾಳು ಒಡೆದು ನೀರು ತಾಕಿದಾಗ ಎರಡೂ ಸೇರುತ್ತವೆ, ಮೂಗಿಗೇರುವ ಖಾರ ಹುಟ್ಟುತ್ತದೆ. ಅದು ಹುಟ್ಟಲು ತಣ್ಣೀರು ಬೇಕು, ಐದು ಹತ್ತು ನಿಮಿಷ ಸಮಯ ಬೇಕು. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಹುಟ್ಟಿದ ಖಾರವೂ ಹೆಚ್ಚು ಕುದಿಸಿದರೆ ಹಾರಿಹೋಗಿ ಕಹಿ ಮಾತ್ರ ತಳದಲ್ಲಿ ಉಳಿಯುತ್ತದೆ. ಒಗ್ಗರಣೆಯಲ್ಲಿ ಚಟಪಟ ಎಂದ ಸಾಸಿವೆಗೆ ಘಾಟಿಲ್ಲದೆ ಬರೀ ಪರಿಮಳ ಇರುವುದೂ ಇದರಿಂದಲೇ. ಅಜ್ಜಿಗೆ ಸಿನಿಗ್ರಿನ್ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ನಾಲ್ಕೇ ಸುತ್ತು ತಿರುಗಿಸುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಧೈರ್ಯ ಮಾಡಿ ಕಟಕ್‌ಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಸಂಜೆ ಐದೂವರೆ. ನಾನಾಗಿ ಬೀಗಿತ್ತಿಗೆ ಫೋನ್ ಮಾಡಿದ್ದು ಅದೇ ಮೊದಲು. ಗಾಬರಿಯಿಂದ, "ಮಗು ಹುಷಾರಾಗಿದೆ ತಾನೆ?" ಎಂದರು. ನನ್ನ ಹಿಂದಿ ಕುವೈತ್‌ನ ಬಕಾಲಾದಲ್ಲಿ ಕಲಿತದ್ದು. ಅದರಲ್ಲಿ ಚೌಕಾಶಿ ಮಾಡಬಹುದು, ಕ್ಷಮೆ ಕೇಳುವುದು ಕಷ್ಟ. ನೇರವಾಗಿ, "ಅಂಡಾ ಬೇಸರ ಹೇಗೆ ಮಾಡುವುದು ಹೇಳಿಕೊಡಿ, ಇವತ್ತೇ ಮಾಡಬೇಕು" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಹೇಳಿದ್ದು, "ಇವತ್ತು ಗುರುವಾರ, ದೀದಿ."

ಗುರುವಾರ ಲಕ್ಷ್ಮಿಯ ದಿನವಂತೆ. ಅವರ ಮನೆಯಲ್ಲಿ ಸೋಮವಾರ, ಗುರುವಾರ ಮೊಟ್ಟೆ, ಮೀನು ಮುಟ್ಟುವುದಿಲ್ಲ, ಕಾರ್ತಿಕ ಮಾಸ ಪೂರ್ತಿ ಬಿಡುತ್ತಾರೆ. ಹಿಂದಿನ ರಾತ್ರಿ ಬುಧವಾರವಾಗಿದ್ದದ್ದು ನನ್ನ ಪುಣ್ಯ. 'ಎಲ್ಲ ತಿನ್ನುವವರ ಮನೆ' ಎಂದು ಎರಡು ವರ್ಷ ಮನಸ್ಸಿನಲ್ಲೇ ಅನ್ನುತ್ತಿದ್ದವಳಿಗೆ, ಮೊಟ್ಟೆಗೆ ವಾರ ನೋಡಬೇಕೆಂದು ಕಟಕ್‌ನಿಂದ ಹೇಳಿಸಿಕೊಳ್ಳಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಶುರು ಮಾಡಿದೆವು. ಅಳಿಯ ಮೊಟ್ಟೆ ತಾನು ಬೇಯಿಸುತ್ತೇನೆಂದು ಬಂದ. "ನೀನು ಮಗು ಹಿಡಿದುಕೋ" ಎಂದು ಕಳಿಸಿದೆ. ಮಾಡುವ ವಿಧಾನ ಇದು, ಬೀಗಿತ್ತಿ ಹೇಳಿದ ಹಾಗೆಯೇ ಬರೆಯುತ್ತೇನೆ.

ಆರು ಮೊಟ್ಟೆಗೆ ಎರಡು ದೊಡ್ಡ ಚಮಚ ಸಣ್ಣ ಸಾಸಿವೆ, ಅರ್ಧ ಚಮಚ ಜೀರಿಗೆ. ಎರಡನ್ನೂ ಎರಡು ಒಣಮೆಣಸಿನ ಜೊತೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೆನೆದ ನೀರು ಚೆಲ್ಲಿ, ಚಿಟಿಕೆ ಉಪ್ಪು, ಹೊಸ ತಣ್ಣೀರು ಸ್ವಲ್ಪವೇ ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಜಾರು ಬಿಸಿಯಾಗಬಾರದು. ಬೀಗಿತ್ತಿಯ ಮನೆಯಲ್ಲಿ ಇದಕ್ಕೆ ಚಪ್ಪಟೆ ಅರೆಯುವ ಕಲ್ಲೇ, ಮಿಕ್ಸಿಯ ಬೇಸರ ಬೇಸರವೇ ಅಲ್ಲ ಎನ್ನುತ್ತಾರೆ. ಅದಕ್ಕೆ ಆರೆಂಟು ಎಸಳು ಬೆಳ್ಳುಳ್ಳಿ ಹಾಕಿ ಇನ್ನೊಂದು ಸುತ್ತು. ಬೇಕಾದರೆ ಸಾಣಿಸಿ ಸಿಪ್ಪೆ ತೆಗೆಯಿರಿ, ಕಹಿ ಇನ್ನೂ ಕಡಿಮೆಯಾಗುತ್ತದೆ. ಈ ಮಸಾಲೆಗೆ ಒಂದು ಲೋಟ ನೀರು, ಅರಿಸಿನ ಕದಡಿ ಪಕ್ಕಕ್ಕಿಡಿ.

ಮೊಟ್ಟೆ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು ಬೇಯಿಸಿ. ಅಮೆರಿಕದಲ್ಲಿ ಮೊಟ್ಟೆಯನ್ನು ತೊಳೆದು ಮಾರುತ್ತಾರೆ, ಹಾಗಾಗಿ ಫ್ರಿಜ್ಜಿನಲ್ಲೇ ಇಡಬೇಕು. ಹತ್ತು ನಿಮಿಷ ಬೆಂದ ಮೇಲೆ ತಣ್ಣೀರಿಗೆ ಹಾಕಿ ಸಿಪ್ಪೆ ಬಿಡಿಸಿ. ತೀರಾ ಹೊಸ ಮೊಟ್ಟೆಯ ಸಿಪ್ಪೆ ಅಂಟಿಕೊಳ್ಳುತ್ತದೆ, ನಾಲ್ಕು ದಿನ ಹಳೆಯದೇ ವಾಸಿ. ನನ್ನ ಮೊದಲ ಮೊಟ್ಟೆ ಚಂದ್ರನ ಮೇಲ್ಮೈಯ ಹಾಗಾಯಿತು. ಬಿಡಿಸಿದ ಮೊಟ್ಟೆಗೆ ಚಾಕುವಿನಿಂದ ಅಲ್ಲಲ್ಲಿ ಗೀರು ಹಾಕಿ, ಉಪ್ಪು, ಅರಿಸಿನ ಸವರಿ, ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಹೊರಳಿಸಿ ತೆಗೆಯಿರಿ. ಗೀರು ಹಾಕದಿದ್ದರೆ ಸಿಡಿಯುತ್ತದೆ, ಜೋಕೆ.

ಅದೇ ಬಾಣಲೆಯ ಎಣ್ಣೆಗೆ ಅವರ ಪಂಚಫುಟಣ ಒಂದು ಚಮಚ: ಸಾಸಿವೆ, ಜೀರಿಗೆ, ಮೆಂತ್ಯ, ಬಡೇಸೋಪು, ಕರಿಜೀರಿಗೆ. ಕಲೋಂಜಿ ಎಂದು ಕೇಳಿದರೆ ನಮ್ಮ ಸಾಲ್ಮಿಯಾದಲ್ಲೂ ಈ ಕರಿಜೀರಿಗೆ ಸಿಗುತ್ತದೆ. ಚಟಪಟ ಎಂದ ಮೇಲೆ ಒಂದು ಟೊಮೆಟೊ, ಬೇಕಿದ್ದರೆ ಬೇಯಿಸಿದ ಆಲೂಗಡ್ಡೆ. ಟೊಮೆಟೊ ಕರಗಿದ ಮೇಲೆ ಉರಿ ಸಣ್ಣ ಮಾಡಿ ಸಾಸಿವೆ ನೀರು ಹಾಕಿ. ಮೊದಲ ಕುದಿ ಬರುತ್ತಿದ್ದಂತೆ ಮೊಟ್ಟೆ ಬಿಟ್ಟು, ಹುಳಿ ಹಾಕಿ, ಎರಡು ಮೂರು ನಿಮಿಷ, ಸಾಕು. ಇಳಿಸಿ ಮುಚ್ಚಿಡಿ. ಹತ್ತು ನಿಮಿಷ ಮುಚ್ಚಿಟ್ಟು ಅನ್ನದ ಜೊತೆ ಬಡಿಸಿ. ಇಳಿಸಿದ ಮೇಲೆ ಒಂದು ಚಮಚ ಹಸಿ ಸಾಸಿವೆ ಎಣ್ಣೆ ಮೇಲೆ ಬಿಡುವುದು ಅವರ ಪದ್ಧತಿ. ನಮ್ಮ ಬಾಣಲೆಯಲ್ಲಿ ಇದ್ದದ್ದು ಕಡಲೆಕಾಯಿ ಎಣ್ಣೆಯೇ.

ಹುಳಿ ಎಂದೆನಲ್ಲ, ಅದಕ್ಕೆ ಅವರು ಹಾಕುವುದು ಅಂಬುಲ, ಅಂದರೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ ಮಾವಿನಕಾಯಿ ಹೋಳು. ಅದು ಆ ಅಂಗಡಿಯಲ್ಲಿ ಇರಲಿಲ್ಲ. ನನ್ನ ಹತ್ತಿರ ಊರಿನಿಂದ ತಂದ ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಇತ್ತು, ಮಗಳಿಗೆಂದು ತಂದದ್ದು. ಎರಡು ಮಿಡಿ ತೆಗೆದು ಫೋನಿನ ಮುಂದೆ ಹಿಡಿದೆ. ಬೀಗಿತ್ತಿ ಕನ್ನಡಕ ಏರಿಸಿಕೊಂಡು ನೋಡಿ, "ಇಷ್ಟು ಸಣ್ಣ ಮಾವು ಎಲ್ಲಿಯದು? ನೀವು ಇದನ್ನು ಹೇಗೆ ತಿನ್ನುತ್ತೀರಿ?" ಎಂದು ವಿಚಾರಿಸತೊಡಗಿದರು. ಬಾಣಲೆ ಸೀಯುವುದರಲ್ಲಿತ್ತು.

ಇಲ್ಲಿ ಒಂದು ಹಿಂದಿನ ಮಾತು ಹೇಳಬೇಕು. ಸಾಸಿವೆ, ಜೀರಿಗೆ ಅರೆದಾಗಿತ್ತು, ಬೆಳ್ಳುಳ್ಳಿ ಹಾಕಲು ಕೈ ಎತ್ತಿದ್ದೆ. "ನಿಲ್ಲಿ ದೀದಿ" ಎಂದರು ಆ ಕಡೆಯಿಂದ. "ಬೆಳ್ಳುಳ್ಳಿ ಹಾಕುವ ಮೊದಲು ನಿಮಗೆ ಒಂದು ಚಮಚ ತೆಗೆದಿಟ್ಟುಕೊಳ್ಳಿ. ಬೇರೆ ಪಾತ್ರೆಯಲ್ಲಿ. ಸ್ವಲ್ಪ ಕಾಯಿ ಅರೆದು ಸೇರಿಸಿ, ಕುಂಬಳಕಾಯಿ ಬೇಯಿಸಿ ಹಾಕಿಕೊಳ್ಳಿ."

ಬಾಣಂತನದ ಅಡುಗೆಯಲ್ಲಿ ಮೂರು ವಾರದಿಂದ ಬೆಳ್ಳುಳ್ಳಿಯಲ್ಲೇ ಮುಳುಗಿದ್ದೆ ನಾನು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದಂತೆ ಸಣ್ಣ ಪಾತ್ರೆಯಲ್ಲಿ ತೆಗೆದಿಟ್ಟೆ.

ಮಧ್ಯಾಹ್ನ ಅನ್ನಕ್ಕೆ ಆ ಕುಂಬಳಕಾಯಿ ಬೇಸರ ಕಲಸಿ ಬಾಯಿಗಿಟ್ಟೆ. ಅಜ್ಜಿಯ ಸಾಸಿವೆ. ಬೆಲ್ಲ ಕಡಿಮೆ, ಅರಿಸಿನ ಜಾಸ್ತಿ, ಬಿಸಿಬಿಸಿ. ಆದರೆ ಮೂಗಿನ ಹಿಂದೆ ಏರಿ ಹಣೆಗೆ ತಾಕುವ ಆ ಖಾರ ಅದೇ. ಮಳೆಗಾಲದಲ್ಲಿ ಒದ್ದೆ ಅಂಗಳ ದಾಟಿ ಬಂದು ಅಡುಗೆಮನೆಯ ಹೊಗೆಯಲ್ಲಿ ಕೂತು ಉಂಡದ್ದು. ಎಂಟು ಜನ ಮೊಮ್ಮಕ್ಕಳು, ಒಂದೇ ಮರಿಗೆ ಸಾಸಿವೆ. ಅದನ್ನು ಬೇಡವೆಂದು, ಬಾಗಿಲು ಹಾಕಿಕೊಂಡು ಅವಲಕ್ಕಿ ತಿಂದಿದ್ದೆ ನಾನು.

ಫೋನ್ ಇನ್ನೂ ಚಾಲೂ ಇತ್ತು. ರಾತ್ರಿ ಹತ್ತು ದಾಟಿದ್ದರೂ ಬೀಗಿತ್ತಿ ಮಲಗದೆ ಕಾಯುತ್ತಿದ್ದರು, ಮಗ ಉಣ್ಣುವುದನ್ನು ನೋಡಲು. "ಉಪ್ಪು ಸರಿಯಾಗಿದೆಯಾ?" ಎಂದರು ನನ್ನನ್ನು. ನಾನು, "ಅವತ್ತು ನಿಮ್ಮ ಮನೆಯಲ್ಲಿ..." ಎಂದು ಶುರು ಮಾಡಿದೆ. ಬಕಾಲಾ ಹಿಂದಿ ಅಲ್ಲಿಗೇ ನಿಂತಿತು. ಅವರು, "ಹೂಂ, ಅವತ್ತು ಮಾಡಿದ್ದೂ ಇದನ್ನೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ನೀವು ತಿನ್ನದಿದ್ದದ್ದೇ ಒಳ್ಳೆಯದಾಯಿತು" ಎಂದು ನಕ್ಕರು. ಉಪ್ಪು ಜಾಸ್ತಿಯಾಗಿರಲಿಲ್ಲ. ಅವತ್ತು ಅದನ್ನು ಉಂಡು ಎರಡನೇ ಸಲ ಹಾಕಿಸಿಕೊಂಡ ನಮ್ಮ ಯಜಮಾನರು ಸಾಕ್ಷಿ.

ಅಳಿಯ ನಾಲ್ಕು ಮೊಟ್ಟೆ ತಿಂದ. ಕೈ ತೊಳೆದು ಬಂದು ಹೇಳಿದ, "ಎಣ್ಣೆ ಬೇರೆ, ಅಲ್ಲವಾ ಅಮ್ಮಾ?" ಮೊದಲೇ ಗೊತ್ತಾಗಿತ್ತಂತೆ. ಮುಂದಿನ ವಾರ ಅವನೇ ಆ 'ಹೊರ ಉಪಯೋಗ'ದ ಬಾಟಲಿ ತಂದ. ಅವನ ಪಾಲಿಗೆ ಅದರಲ್ಲಿ, ನನ್ನ ಪಾಲಿಗೆ ಕೊಬ್ಬರಿ ಎಣ್ಣೆಯಲ್ಲಿ ಎಂದು ಒಪ್ಪಂದವಾಯಿತು. ಬಾಣಂತಿಗೆ ಎರಡೂ ಇಲ್ಲ, ಸಾಸಿವೆ ಉಷ್ಣ. ಅವಳಿಗೆ ಮೆಣಸಿನ ಸಾರೇ ಮುಂದುವರಿಯಿತು, ಅದಕ್ಕೆ ಅವಳು ಪಟ್ಟ ಬೇಸರ ಮಾತ್ರ ನಮ್ಮ ಕನ್ನಡದ್ದು.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇಲ್ಲ, ನಾನು ಮೊಟ್ಟೆ ತಿನ್ನಲಿಲ್ಲ, ತಿನ್ನುವುದೂ ಇಲ್ಲ. ವಯಸ್ಸಾದ ನಾಲಿಗೆ, ಅದಕ್ಕೆ ಹೊಸ ಪಾಠ ಬೇಡ. ಆದರೆ ಫ್ಲಶಿಂಗ್ ಬಿಡುವುದರೊಳಗೆ ಏಳೆಂಟು ಸಲ ಮಾಡಿದೆ, ಸೋಮವಾರ, ಗುರುವಾರ ಬಿಟ್ಟು. ಕುವೈತ್‌ಗೆ ಬಂದ ಮೇಲೂ ಒಂದು ಶುಕ್ರವಾರ, ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬನೇ ಇರುವ ಭುವನೇಶ್ವರದ ಹುಡುಗನಿಗೆ ಮಾಡಿಕೊಟ್ಟೆ. ಡಬ್ಬಿ ವಾಪಸ್ ಕೊಡುವಾಗ ಅವನು ಅದರಲ್ಲಿ ಖರ್ಜೂರ ತುಂಬಿಸಿ ತಂದ.

ಬೀಗಿತ್ತಿಗೆ ಕಡೆಗೂ ವೀಸಾ ಸಂದರ್ಶನದ ದಿನ ಸಿಕ್ಕಿದೆ, ಕಾರ್ತಿಕದ ಹೊತ್ತಿಗೆ. ಅಷ್ಟರಲ್ಲಿ ಅವರು ನನ್ನಿಂದ ಮಾವಿನಹಣ್ಣಿನ ಸಾಸಿವೆಯ ವಿಧಾನ ಕೇಳಿ ಬರೆದುಕೊಂಡಿದ್ದರು. ಜೂನ್ ಕೊನೆಯಲ್ಲಿ ಒಂದು ದಿನ ಫೋಟೊ ಕಳಿಸಿದರು. ಬಣ್ಣ ಸರಿಯಾಗಿತ್ತು, ಒಗ್ಗರಣೆ ಸರಿಯಾಗಿತ್ತು. ದೊಡ್ಡದು ಮಾಡಿ ನೋಡಿದರೆ ಹಣ್ಣಿನ ನಡುವೆ ಬಿಳಿ ಬಿಳಿ ತುಣುಕು. ಏನಿದು ಎಂದು ಕೇಳಿದೆ. "ಬೆಳ್ಳುಳ್ಳಿ, ದೀದಿ. ಅದಿಲ್ಲದೆ ಏನೋ ಕಡಿಮೆ ಅನ್ನಿಸಿತು."

ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದರೋ. ನಾನು, "ಚೆನ್ನಾಗಿ ಕಾಣುತ್ತಿದೆ, ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ" ಎಂದು ಬರೆದು ಕಳಿಸಿದೆ.